ಪ್ರಾಣಿಗಳ ದೇಹದಲ್ಲಿ ನೈಟ್ರೋಸಮೀನ್: ವಿಷವಾಗುವುದು ಎಲ್ಲಿ, ತಡೆಯಬೇಕಾದದ್ದು ಎಲ್ಲಿ?

ನಾರ್ವೆ ದೇಶದಲ್ಲಿ 1957ರ ನಂತರದ ವರ್ಷಗಳಲ್ಲಿ ಮಿಂಕ್ ಮೊದಲಾದ ತುಪ್ಪಳದ ಪ್ರಾಣಿಗಳು ಯಕೃತ್ತಿನ ಕಾಯಿಲೆಯಿಂದ ಸಾಯತೊಡಗಿದವು. 1960ರ ದಶಕದ ಆರಂಭದಲ್ಲಿ ಅದೇ ಕಾಯಿಲೆ ದನಗಳಲ್ಲಿಯೂ ಕುರಿಗಳಲ್ಲಿಯೂ ಕಾಣಿಸಿಕೊಂಡಿತು. ಸತ್ತ ಪ್ರಾಣಿಗಳನ್ನು ಕೊಯ್ದು ನೋಡಿದಾಗ ಯಕೃತ್ತಿನ ಕೋಶಗಳು ಸತ್ತು, ಅಲ್ಲಲ್ಲಿ ರಕ್ತ ಒಸರಿದ್ದುದು ಕಂಡುಬಂದಿತು. ಇದು ಒಂದರಿಂದ ಒಂದಕ್ಕೆ ಅಂಟುವ ರೋಗವಾಗಿರಲಿಲ್ಲ. ಕಾಯಿಲೆ ಬಿದ್ದ ಪ್ರಾಣಿಗಳಿಗೆಲ್ಲ ಸಮಾನವಾಗಿದ್ದುದು ಒಂದೇ ಒಂದು ಸಂಗತಿ. ಅವುಗಳ ಆಹಾರದಲ್ಲಿ ಹೆರಿಂಗ್ ಎಂಬ ಮೀನಿನ ಪುಡಿ ಸೇರಿತ್ತು.

ಮೀನು ಪುಡಿ ಒಳ್ಳೆಯ ಸಸಾರಜನಕ ಆಹಾರ. ಅದನ್ನು ಅಲ್ಲಿನ ರೈತರು ಬಹುಕಾಲದಿಂದ ಬಳಸುತ್ತಿದ್ದರು. ಹಾಗಾದರೆ ಹೊಸದಾಗಿ ಏನಾಗಿತ್ತು? ಹಿಡಿದ ಮೀನು ಕಾರ್ಖಾನೆ ಸೇರುವವರೆಗೆ ಕೆಡದಿರಲೆಂದು ಅದಕ್ಕೆ ಸೋಡಿಯಂ ನೈಟ್ರೈಟ್ ಎಂಬ ಲವಣವನ್ನು ಬೆರೆಸಲಾಗಿತ್ತು. ಮೀನಿನಲ್ಲಿ ಸಹಜವಾಗಿಯೇ ಅಮೀನ್ ಎಂಬ ಪದಾರ್ಥಗಳಿರುತ್ತವೆ. ಮೀನನ್ನು ಬೇಯಿಸಿ ಒಣಗಿಸುವ ಕಾವಿನಲ್ಲಿ ನೈಟ್ರೈಟು ಈ ಅಮೀನಿನೊಡನೆ ಕೂಡಿ ಡೈಮೀಥೈಲ್ ನೈಟ್ರೋಸಮೀನ್ ಎಂಬ ಹೊಸ ಪದಾರ್ಥವಾಗಿತ್ತು. ಆ ಪುಡಿಯಿಂದ ಈ ಪದಾರ್ಥವನ್ನು ಬೇರ್ಪಡಿಸಿ ಗುರುತಿಸಿದ ವರದಿಯನ್ನು ನಾರ್ವೆಯ ವಿಜ್ಞಾನಿಗಳು 1964ರಲ್ಲಿ ಪ್ರಕಟಿಸಿದರು.

ಮೀನು ತಾನಾಗಿ ವಿಷವಲ್ಲ. ಅಂದು ಬಳಸಿದ ಅಲ್ಪ ನೈಟ್ರೈಟೂ ಇಂತಹ ಕಾಯಿಲೆಯನ್ನು ತರುವಂತಹುದಲ್ಲ. ಎರಡೂ ಸೇರಿದಾಗ ಹುಟ್ಟಿದ ಮೂರನೆಯ ವಸ್ತು ಹಟ್ಟಿಯನ್ನೇ ಬರಿದು ಮಾಡಿತು. ಇದಕ್ಕಿಂತಲೂ ಸೋಜಿಗದ ಸಂಗತಿಯೊಂದಿದೆ. ಈ ಮೂರನೆಯ ವಸ್ತುವೂ ಮೇವಿನಲ್ಲಿದ್ದಾಗ ಸಾಕಷ್ಟು ಸೌಮ್ಯವಾದ ಪದಾರ್ಥವೇ. ಅದು ಉಗ್ರವಾಗುವುದು ಪ್ರಾಣಿಯ ದೇಹವನ್ನು ಹೊಕ್ಕ ಮೇಲೆ. ಅದನ್ನು ಉಗ್ರವಾಗಿಸುವುದು ದೇಹವೇ. ಇದು ಹೇಗೆ ನಡೆಯುತ್ತದೆಂಬುದನ್ನು ತಿಳಿದರೆ, ಈ ವಿಷವನ್ನು ತಡೆಯಬೇಕಾದ ಜಾಗ ಯಾವುದೆಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಕ್ಯಾನ್ಸರಿನ ನಂಟು ತಿಳಿದುಬಂದ ಬಗೆ

ಇಂಗ್ಲೆಂಡಿನ ಕಾರ್ಶಾಲ್ಟನ್ ಎಂಬಲ್ಲಿದ್ದ ವಿಷವಿಜ್ಞಾನ ಪ್ರಯೋಗಶಾಲೆಯಲ್ಲಿ ಜಾನ್ ಬಾರ್ನ್ಸ್ ಮತ್ತು ಪೀಟರ್ ಮೆಗೀ ಎಂಬ ವಿಜ್ಞಾನಿಗಳು ಇದೇ ಪದಾರ್ಥವನ್ನು ಬೇರೊಂದು ಕಾರಣಕ್ಕಾಗಿ ಪರೀಕ್ಷಿಸುತ್ತಿದ್ದರು. ಅದನ್ನು ದ್ರಾವಕವಾಗಿ ಬಳಸುತ್ತಿದ್ದ ಕೆಲಸಗಾರರ ಯಕೃತ್ತಿಗೆ ಹಾನಿಯಾಗಿದೆ ಎಂಬ ಅನುಮಾನ ಹುಟ್ಟಿತ್ತು. ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಅದು ಪ್ರಾಣಿಗಳ ಯಕೃತ್ತನ್ನು ಕೊಲ್ಲುತ್ತದೆ ಎಂದು 1954ರಲ್ಲಿ ಅವರು ತೋರಿಸಿದರು. ಎರಡು ವರ್ಷಗಳ ಬಳಿಕ, ಅಂದರೆ 1956ರಲ್ಲಿ, ಇನ್ನೂ ಗಂಭೀರವಾದ ಫಲಿತಾಂಶ ಹೊರಬಂದಿತು. ಆಹಾರದ ದಶಲಕ್ಷ ಭಾಗಕ್ಕೆ ಕೇವಲ 50 ಭಾಗದಂತೆ ಬೆರೆಸಿ ತಿಂಗಳುಗಟ್ಟಲೆ ತಿನ್ನಿಸಿದ ಇಲಿಗಳಲ್ಲಿ, ಬದುಕುಳಿದ ಬಹುಪಾಲು ಇಲಿಗಳಿಗೆ ಯಕೃತ್ತಿನ ಕ್ಯಾನ್ಸರ್ ಬಂದಿತ್ತು.

ಅನಂತರ ಜರ್ಮನಿಯ ಹೆರ್ಮನ್ ಡ್ರುಕ್ರಿ ಮತ್ತು ಸಂಗಡಿಗರು ಈ ಜಾತಿಯ 65 ಪದಾರ್ಥಗಳನ್ನು ಇಲಿಗಳ ಮೇಲೆ ಪರೀಕ್ಷಿಸಿ 1967ರಲ್ಲಿ ವರದಿ ಮಾಡಿದರು. ಅವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ತರುವಂತಹವು. ಮುಂದೆ ಇಲಿ, ಹ್ಯಾಮ್ಸ್ಟರ್, ನಾಯಿ, ಹಂದಿ, ಕೋತಿ, ಮೀನು, ಹಕ್ಕಿ ಹೀಗೆ ಸುಮಾರು 40 ಜಾತಿಯ ಪ್ರಾಣಿಗಳಲ್ಲಿ ಇವುಗಳ ಪರಿಣಾಮವನ್ನು ನೋಡಲಾಗಿದ್ದು, ಎಲ್ಲ ಜಾತಿಗಳಲ್ಲಿಯೂ ಗೆಡ್ಡೆಗಳು ಕಂಡುಬಂದಿವೆ. ಇಷ್ಟು ವಿಧದ ಪ್ರಾಣಿಗಳಲ್ಲಿ ಒಂದೇ ತೆರನಾಗಿ ಕೆಲಸ ಮಾಡುವ ಕ್ಯಾನ್ಸರ್ ಕಾರಕಗಳು ವಿರಳ.

ಯಕೃತ್ತಿನೊಳಗೆ ನಡೆಯುವ ಕೆಲಸ

ಪ್ರಾಣಿ ತಿಂದ ಆಹಾರದ ಸಾರವೆಲ್ಲ ಕರುಳಿನಿಂದ ರಕ್ತಕ್ಕೆ ಸೇರಿ ಮೊದಲು ಯಕೃತ್ತಿಗೆ ಬರುತ್ತದೆ. ಊರ ಬಾಗಿಲಿನ ಸುಂಕದ ಕಟ್ಟೆಯಂತೆ ಯಕೃತ್ತು ಒಳಬರುವ ಪ್ರತಿಯೊಂದನ್ನೂ ತಡೆದು ನೋಡುತ್ತದೆ. ದೇಹಕ್ಕೆ ಬೇಡವಾದ ಅನೇಕ ಪದಾರ್ಥಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಕರಗದಿದ್ದರೆ ಮೂತ್ರದಲ್ಲಿ ಹೊರಹೋಗುವುದೂ ಇಲ್ಲ. ಆದುದರಿಂದ ಯಕೃತ್ತಿನ ಕೋಶಗಳು ಅಂತಹ ಪದಾರ್ಥಕ್ಕೆ ಆಮ್ಲಜನಕವನ್ನು ಕೂಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ ಹೊರಗಟ್ಟುತ್ತವೆ. ಈ ಕೆಲಸವನ್ನು ಮಾಡುವ ಕಿಣ್ವಗಳಿಗೆ ಸೈಟೋಕ್ರೋಮ್ ಪಿ-450 ಎಂದು ಹೆಸರು. ಇದು ಒಂದೇ ಕಿಣ್ವವಲ್ಲ, ದೊಡ್ಡದೊಂದು ಕುಟುಂಬ. ಕೋಶದೊಳಗಿನ ತೆಳುವಾದ ಪೊರೆಗಳ ಮೇಲೆ ಇವು ಇರುತ್ತವೆ.

ಬಹುಪಾಲು ಪದಾರ್ಥಗಳ ವಿಷಯದಲ್ಲಿ ಈ ವ್ಯವಸ್ಥೆ ದೇಹವನ್ನು ಕಾಪಾಡುತ್ತದೆ. ಕೆಲವೊಮ್ಮೆ ಮಾತ್ರ ಲೆಕ್ಕ ತಪ್ಪುತ್ತದೆ. ಮೆಲಾಥಿಯಾನ್ ಔಷಧವನ್ನು ಸಿಂಪಡಿಸಿದ ರೈತರಿಗೆ ಇದರ ಒಂದು ಉದಾಹರಣೆ ಪರಿಚಿತವೇ. ಮೆಲಾಥಿಯಾನ್ ತಾನೇ ಕೀಟವನ್ನು ಕೊಲ್ಲುವುದು ಕಡಿಮೆ. ಕೀಟದ ದೇಹದೊಳಗಿನ ಇದೇ ಬಗೆಯ ಕಿಣ್ವಗಳು ಅದನ್ನು ಮೆಲಾಕ್ಸಾನ್ ಆಗಿ ಮಾರ್ಪಡಿಸುತ್ತವೆ, ಕೀಟ ಸಾಯುವುದು ಅದರಿಂದ. ನೈಟ್ರೋಸಮೀನಿನ ಕಥೆಯೂ ಇದೇ ದಾರಿಯದು.

ಡೈಮೀಥೈಲ್ ನೈಟ್ರೋಸಮೀನಿನ ಕಣದಲ್ಲಿ ಸಾರಜನಕಕ್ಕೆ ಅಂಟಿಕೊಂಡ ಎರಡು ಮೀಥೈಲ್ ಗುಂಪುಗಳಿವೆ. ಒಂದೊಂದು ಮೀಥೈಲ್ ಗುಂಪಿನಲ್ಲಿಯೂ ಒಂದು ಇಂಗಾಲ, ಮೂರು ಜಲಜನಕದ ಪರಮಾಣುಗಳು. ಮುಂದಿನ ಕ್ರಿಯೆ ನಾಲ್ಕು ಹೆಜ್ಜೆಗಳಲ್ಲಿ ನಡೆಯುತ್ತದೆ.

ಮೊದಲನೆಯದಾಗಿ, ಕಿಣ್ವವು ಒಂದು ಮೀಥೈಲ್ ಗುಂಪಿನ ಇಂಗಾಲಕ್ಕೆ ಆಮ್ಲಜನಕವನ್ನು ಸೇರಿಸುತ್ತದೆ. ಕಿಣ್ವದ ಪಾಲಿಗೆ ಇದು ದಿನನಿತ್ಯದ ಶುದ್ಧಿಯ ಕೆಲಸ.

ಎರಡನೆಯದಾಗಿ, ಹೀಗೆ ಬದಲಾದ ಕಣ ನಿಲ್ಲಲಾರದೆ ಒಡೆಯುತ್ತದೆ. ಆಮ್ಲಜನಕ ಸೇರಿದ ಭಾಗವು ಫಾರ್ಮಾಲ್ಡಿಹೈಡ್ ಆಗಿ ಕಳಚಿಕೊಳ್ಳುತ್ತದೆ.

ಮೂರನೆಯದಾಗಿ, ಉಳಿದ ಭಾಗ ಇನ್ನೂ ಅಸ್ಥಿರ. ಅದು ಕ್ಷಣಮಾತ್ರದಲ್ಲಿ ಸಾರಜನಕ ಅನಿಲವನ್ನು ಬಿಟ್ಟುಕೊಡುತ್ತದೆ. ಆಗ ಉಳಿದ ಎರಡನೆಯ ಮೀಥೈಲ್ ಗುಂಪು ಒಂಟಿಯಾಗಿ, ಯಾವುದಕ್ಕಾದರೂ ಅಂಟಿಕೊಳ್ಳಲು ಹವಣಿಸುವ ತುಣುಕಾಗುತ್ತದೆ.

ನಾಲ್ಕನೆಯದಾಗಿ, ಈ ತುಣುಕು ಹತ್ತಿರದಲ್ಲಿ ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ. ಹೆಚ್ಚಿನ ಪಾಲು ನೀರಿಗೆ ಅಂಟಿ ನಿರುಪಯುಕ್ತವಾಗುತ್ತದೆ. ಸ್ವಲ್ಪ ಪಾಲು ಸಸಾರಜನಕಗಳಿಗೆ ಅಂಟುತ್ತದೆ. ಮತ್ತೂ ಸ್ವಲ್ಪ ಪಾಲು ಕೋಶದ ಬೀಜದಂತಿರುವ ಡಿ.ಎನ್.ಎ.ಗೆ ಅಂಟುತ್ತದೆ. ಕೇಡು ಇರುವುದು ಇಲ್ಲಿ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇದಕ್ಕೆ ಒಪ್ಪುತ್ತದೆ. ಕಾಯಲೆಂದು ಇಟ್ಟ ಕಿಣ್ವವೇ ಕೇಡಿನ ಕಾರಣವಾಗುತ್ತದೆ. ನಾರ್ವೆಯ ಕುರಿಗಳಿಗೆ ಹೊರಗಿನಿಂದ ಬಂದದ್ದು ವಿಷದ ಬೀಜ ಮಾತ್ರ. ಅದು ಮೊಳೆತು ಬೆಳೆದದ್ದು ಅವುಗಳ ಯಕೃತ್ತಿನಲ್ಲಿಯೇ.

ಈ ವಿವರಣೆ ಬರಿಯ ಊಹೆಯಲ್ಲ. ವಿಕಿರಣ ಸೂಸುವ ಇಂಗಾಲದಿಂದ ಗುರುತು ಮಾಡಿದ ಡೈಮೀಥೈಲ್ ನೈಟ್ರೋಸಮೀನನ್ನು ಇಲಿಗಳಿಗೆ ಕೊಟ್ಟು, ಆ ಗುರುತಿನ ಮೀಥೈಲ್ ಗುಂಪು ಯಕೃತ್ತಿನ ನ್ಯೂಕ್ಲಿಯಿಕ್ ಆಮ್ಲಗಳಿಗೆ ಅಂಟಿರುವುದನ್ನು ಮೆಗೀ ಮತ್ತು ಫಾರ್ಬರ್ 1962ರಲ್ಲಿ ತೋರಿಸಿಕೊಟ್ಟರು. ಮನುಷ್ಯರ ಯಕೃತ್ತಿನ ತೆಳುವಾದ ಹೋಳುಗಳು ಕೂಡ ಈ ಪದಾರ್ಥವನ್ನು ಇಲಿಯ ಯಕೃತ್ತಿನಂತೆಯೇ ಮಾರ್ಪಡಿಸುತ್ತವೆ ಎಂಬುದು 1970ರಲ್ಲಿ ತಿಳಿದುಬಂದಿತು. ಆದುದರಿಂದ ಇಲಿ ಕುರಿಗಳ ಮಾತು ನಮಗೇಕೆ ಎಂದು ಯಾರೂ ಹೇಳುವಂತಿಲ್ಲ.

ಬಿತ್ತನೆ ಬೀಜ ಕಲಬೆರಕೆಯಾದಂತೆ

ಡಿ.ಎನ್.ಎ. ಎಂಬುದು ಕೋಶ ಏನಾಗಬೇಕು, ಯಾವಾಗ ವಿಭಜನೆಯಾಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನೆಲ್ಲ ಬರೆದಿಟ್ಟ ಬರಹ. ಅದರಲ್ಲಿ ನಾಲ್ಕು ಅಕ್ಷರಗಳಿವೆ. ಗ್ವಾನಿನ್ ಎಂಬ ಅಕ್ಷರ ಯಾವಾಗಲೂ ಸೈಟೋಸಿನ್‌ನೊಡನೆ ಜೊತೆಯಾಗುತ್ತದೆ. ಅಡಿನಿನ್ ಥೈಮಿನ್‌ನೊಡನೆ ಜೊತೆಯಾಗುತ್ತದೆ.

ಮೀಥೈಲ್ ತುಣುಕು ಹೆಚ್ಚಾಗಿ ಅಂಟುವುದು ಗ್ವಾನಿನ್‌ನ ಏಳನೆಯ ಸ್ಥಾನದ ಸಾರಜನಕಕ್ಕೆ. ಇದು ಹೆಚ್ಚಿನ ಪ್ರಮಾಣದಲ್ಲಿದ್ದರೂ ಅಕ್ಷರದ ಜೊತೆಯನ್ನು ಕೆಡಿಸುವುದಿಲ್ಲ. ಇದರ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಆರನೆಯ ಸ್ಥಾನದ ಆಮ್ಲಜನಕಕ್ಕೆ ಅಂಟುತ್ತದೆ. ಪ್ರಮಾಣ ಕಡಿಮೆಯಾದರೂ ಇದೇ ಹೆಚ್ಚು ಅಪಾಯಕರ. ಹೀಗೆ ಅಂಟಿಸಿಕೊಂಡ ಗ್ವಾನಿನ್ ತನ್ನ ಸರಿಯಾದ ಜೊತೆಯನ್ನು ಬಿಟ್ಟು ಥೈಮಿನ್‌ನೊಡನೆ ಕೂಡಬಲ್ಲದು. ಕೋಶ ವಿಭಜನೆಯಾಗುವಾಗ ಬರಹವನ್ನು ನಕಲು ಮಾಡುತ್ತದೆ. ಆ ಸಮಯದಲ್ಲಿ ತಪ್ಪು ಅಕ್ಷರ ಸೇರಿಬಿಟ್ಟರೆ, ಮುಂದಿನ ಪೀಳಿಗೆಯ ಕೋಶಗಳಿಗೆಲ್ಲ ಆ ತಪ್ಪೇ ಮೂಲಪ್ರತಿಯಾಗುತ್ತದೆ.

ಒಂದು ವರ್ಷ ಬಿತ್ತನೆ ಬೀಜದಲ್ಲಿ ಕಲಬೆರಕೆಯಾದರೆ ಆ ವರ್ಷದ ಹೊಲದಲ್ಲಿ ಅದು ಕಣ್ಣಿಗೆ ಬೀಳದಿರಬಹುದು. ಅದೇ ಬೆಳೆಯಿಂದ ಬೀಜ ತೆಗೆದು ವರ್ಷ ವರ್ಷವೂ ಬಿತ್ತಿದರೆ ಕೊನೆಗೆ ತಳಿಯೇ ಕೆಡುತ್ತದೆ. ಕ್ಯಾನ್ಸರ್ ಕಾಣಿಸಿಕೊಳ್ಳಲು ವರ್ಷಗಳು ಹಿಡಿಯುವುದು ಇದೇ ಕಾರಣದಿಂದ. ಬೆಳವಣಿಗೆಯನ್ನು ಹತೋಟಿಯಲ್ಲಿಡುವ ಜಾಗದಲ್ಲಿಯೇ ತಪ್ಪು ಸೇರಿ, ಅಂತಹ ಹಲವು ತಪ್ಪುಗಳು ಒಂದೇ ಕೋಶದಲ್ಲಿ ಕೂಡಿಕೊಂಡಾಗ ಆ ಕೋಶ ಹತೋಟಿ ಮೀರಿ ಬೆಳೆಯತೊಡಗುತ್ತದೆ.

ಕೋಶಗಳು ಬೇಗ ಬೇಗ ವಿಭಜನೆಯಾಗುವ ಕಡೆ ತಪ್ಪು ನೆಲೆಯೂರುವ ಸಂಭವ ಹೆಚ್ಚು. ಎಳೆಯ ಪ್ರಾಣಿಗಳಿಗೆ ದೊಡ್ಡವಕ್ಕಿಂತ ಹೆಚ್ಚು ಅಪಾಯವಿರುವುದು ಇದರಿಂದ. ಗಬ್ಬದ ಹ್ಯಾಮ್ಸ್ಟರ್‌ಗಳಿಗೆ ಡೈಈಥೈಲ್ ನೈಟ್ರೋಸಮೀನನ್ನು ಕೊಟ್ಟಾಗ ಅವುಗಳ ಮರಿಗಳಲ್ಲಿಯೂ ಗೆಡ್ಡೆಗಳು ಕಂಡುಬಂದಿವೆ.

ದೇಹದ ದುರಸ್ತಿ ಮತ್ತು ಅದರ ಮಿತಿ

ದೇಹ ಕೈಕಟ್ಟಿ ಕೂರುವುದಿಲ್ಲ. ಗ್ವಾನಿನ್‌ನ ಆರನೆಯ ಸ್ಥಾನಕ್ಕೆ ಅಂಟಿದ ಮೀಥೈಲ್ ಗುಂಪನ್ನು ಕಿತ್ತು ತೆಗೆಯುವ ಸಸಾರಜನಕವೊಂದು ಕೋಶಗಳಲ್ಲಿದೆ. ಅದು ಕೆಲಸ ಮಾಡುವ ರೀತಿ ವಿಚಿತ್ರವಾದುದು. ಕಿತ್ತ ಮೀಥೈಲ್ ಗುಂಪನ್ನು ಅದು ತನಗೇ ಅಂಟಿಸಿಕೊಳ್ಳುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಇನ್ನೊಂದನ್ನು ಕೀಳುವ ಶಕ್ತಿ ಅದಕ್ಕಿರುವುದಿಲ್ಲ. ಒಮ್ಮೆ ಕುಟುಕಿದ ಜೇನುನೊಣ ಸಾಯುವಂತೆ, ಒಂದು ಗಾಯಕ್ಕೆ ಒಂದು ಕಣ ಖರ್ಚಾಗುತ್ತದೆ. ಕೋಶ ಮತ್ತೆ ಹೊಸ ಕಣಗಳನ್ನು ತಯಾರಿಸಬೇಕು.

ಇದರಿಂದ ಎರಡು ವಿಷಯಗಳು ತಿಳಿಯುತ್ತವೆ. ಗಾಯಗಳು ಕೆಲವೇ ಇದ್ದರೆ ದುರಸ್ತಿ ಅವುಗಳನ್ನು ನಿಭಾಯಿಸಬಲ್ಲದು. ಒಮ್ಮೆಲೇ ಹೆಚ್ಚು ಗಾಯಗಳಾದರೆ ಅಥವಾ ದಿನವೂ ಬಿಡುವಿಲ್ಲದೆ ಆಗುತ್ತಿದ್ದರೆ, ದುರಸ್ತಿಯ ದಾಸ್ತಾನು ಬರಿದಾಗಿ ತಪ್ಪುಗಳು ಉಳಿದುಬಿಡುತ್ತವೆ.

ಅಲ್ಲದೆ ಎಲ್ಲ ಅಂಗಗಳಲ್ಲಿಯೂ ದುರಸ್ತಿಯ ಶಕ್ತಿ ಒಂದೇ ಸಮನಾಗಿಲ್ಲ. ಯಕೃತ್ತಿನಲ್ಲಿ ಅದು ಹೆಚ್ಚು, ಮಿದುಳಿನಲ್ಲಿ ತೀರ ಕಡಿಮೆ. ನೈಟ್ರೋಸಮೀನಿನ ಹತ್ತಿರದ ಬಂಧುವಾದ ಈಥೈಲ್ ನೈಟ್ರೋಸೋಯೂರಿಯಾ ಎಂಬ ಪದಾರ್ಥವನ್ನು ಎಳೆಯ ಇಲಿಗಳಿಗೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 1974ರಲ್ಲಿ ಪ್ರಕಟವಾಯಿತು. ಈ ಪದಾರ್ಥ ಕಿಣ್ವದ ಸಹಾಯವಿಲ್ಲದೆ ತಾನಾಗಿಯೇ ಒಡೆಯುವುದರಿಂದ ಎಲ್ಲ ಅಂಗಗಳಲ್ಲಿಯೂ ಗಾಯ ಮಾಡುತ್ತದೆ. ಯಕೃತ್ತಿನ ಗಾಯಗಳು ಬೇಗ ಮಾಯವಾದವು. ಮಿದುಳಿನ ಗಾಯಗಳು ಬಹುದಿನ ಉಳಿದವು. ಆ ಇಲಿಗಳಿಗೆ ಮುಂದೆ ಗೆಡ್ಡೆಗಳು ಬರುವುದೂ ಹೆಚ್ಚಾಗಿ ಮಿದುಳು ಮತ್ತು ನರಗಳಲ್ಲಿಯೇ.

ಒಂದೊಂದು ಅಂಗಕ್ಕೆ ಒಂದೊಂದು ನೈಟ್ರೋಸಮೀನ್

ನೈಟ್ರೋಸಮೀನುಗಳನ್ನು ಮಾರ್ಪಡಿಸುವ ಕಿಣ್ವಗಳು ಯಕೃತ್ತಿನಲ್ಲಿ ಹೆಚ್ಚಾಗಿದ್ದರೂ, ಮೂತ್ರಪಿಂಡ, ಶ್ವಾಸಕೋಶ, ಅನ್ನನಾಳ, ಮೂಗಿನ ಒಳಪದರ ಇವುಗಳಲ್ಲಿಯೂ ಇವೆ. ಯಾವ ಅಂಗದ ಕಿಣ್ವ ಯಾವ ನೈಟ್ರೋಸಮೀನನ್ನು ಒಡೆಯಬಲ್ಲದೋ ಆ ಅಂಗಕ್ಕೆ ಆ ಪದಾರ್ಥದಿಂದ ಅಪಾಯ. ಇಲಿಗಳಲ್ಲಿ ಡೈಮೀಥೈಲ್ ನೈಟ್ರೋಸಮೀನ್ ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿ, ಡೈಈಥೈಲ್ ನೈಟ್ರೋಸಮೀನ್ ಯಕೃತ್ತು ಮತ್ತು ಅನ್ನನಾಳದಲ್ಲಿ, ಡೈಬ್ಯೂಟೈಲ್ ನೈಟ್ರೋಸಮೀನ್ ಮೂತ್ರಕೋಶದಲ್ಲಿಯೂ ಗೆಡ್ಡೆಗಳನ್ನು ಉಂಟುಮಾಡುತ್ತವೆ. ಬಾಯಿಯಿಂದ ಕೊಟ್ಟರೂ ಚುಚ್ಚುಮದ್ದಿನಿಂದ ಕೊಟ್ಟರೂ ಅನೇಕ ಸಂದರ್ಭಗಳಲ್ಲಿ ಗೆಡ್ಡೆ ಬರುವುದು ಅದೇ ಅಂಗದಲ್ಲಿ.

ಪ್ರಾಣಿ ಏನು ತಿಂದಿದೆ ಎಂಬುದರಿಂದಲೂ ಈ ಕ್ರಿಯೆ ಬದಲಾಗುತ್ತದೆ. ಸಸಾರಜನಕವಿಲ್ಲದ ಆಹಾರ ತಿಂದ ಇಲಿಗಳ ಯಕೃತ್ತಿನಲ್ಲಿ ಕಿಣ್ವಗಳು ಕಡಿಮೆಯಾಗುತ್ತವೆ. ಅಂತಹ ಇಲಿಗಳು ಡೈಮೀಥೈಲ್ ನೈಟ್ರೋಸಮೀನಿನ ದೊಡ್ಡ ಪ್ರಮಾಣವನ್ನೂ ತಡೆದುಕೊಂಡು ಬದುಕುತ್ತವೆ. ಇದು ಲಾಭವೆಂದು ತೋರಬಹುದು. ಆದರೆ ಯಕೃತ್ತು ಹಿಡಿದು ನಿಲ್ಲಿಸದ ವಿಷ ರಕ್ತದಲ್ಲಿ ಮುಂದೆ ಹರಿದು ಮೂತ್ರಪಿಂಡವನ್ನು ಸೇರುತ್ತದೆ. ಹಾಗೆ ಬದುಕುಳಿದ ಇಲಿಗಳಿಗೆ ಮುಂದೆ ಮೂತ್ರಪಿಂಡದ ಕ್ಯಾನ್ಸರ್ ಬಂದಿತು.

ಮದ್ಯಪಾನದ ಪರಿಣಾಮವೂ ಇದನ್ನೇ ಹೋಲುತ್ತದೆ. ಮದ್ಯವನ್ನೂ ಡೈಮೀಥೈಲ್ ನೈಟ್ರೋಸಮೀನನ್ನೂ ಯಕೃತ್ತಿನಲ್ಲಿ ಒಂದೇ ಕಿಣ್ವ ನಿಭಾಯಿಸುತ್ತದೆ. ಎರಡೂ ಒಟ್ಟಿಗೆ ಬಂದಾಗ ಮದ್ಯ ಆ ಕಿಣ್ವವನ್ನು ಆಕ್ರಮಿಸಿಕೊಳ್ಳುವುದರಿಂದ, ನೈಟ್ರೋಸಮೀನ್ ಯಕೃತ್ತನ್ನು ದಾಟಿ ಬೇರೆ ಅಂಗಗಳಿಗೆ ಹೋಗುತ್ತದೆ. ದಿನವೂ ಕುಡಿಯುವವರಲ್ಲಿ ಆ ಕಿಣ್ವದ ಪ್ರಮಾಣವೇ ಹೆಚ್ಚಿರುತ್ತದೆ. ಕುಡಿಯದ ಹೊತ್ತಿನಲ್ಲಿ ಅದು ನೈಟ್ರೋಸಮೀನನ್ನು ಇನ್ನೂ ಚುರುಕಾಗಿ ಒಡೆಯುತ್ತದೆ. ತಂಬಾಕು ಮತ್ತು ಮದ್ಯ ಎರಡೂ ಇರುವವರಿಗೆ ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿನ ಅಪಾಯ ಬಹುವಾಗಿ ಹೆಚ್ಚುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದೆಂದು ಭಾವಿಸಲಾಗಿದೆ.

ಇನ್ನೊಂದು ಮಾತನ್ನು ವಿಸ್ತರಣಾ ಕಾರ್ಯಕರ್ತರು ಮುಖ್ಯವಾಗಿ ಗಮನಿಸಬೇಕು. ದೇಹ ಸೇರಿದ ಡೈಮೀಥೈಲ್ ನೈಟ್ರೋಸಮೀನ್ ಬಹುಕಾಲ ಉಳಿಯುವುದಿಲ್ಲ. ಇಲಿಯಲ್ಲಿ ಒಂದು ದಿನದೊಳಗೆ ಅದರ ಬಹುಭಾಗ ಮಾಯವಾಗುತ್ತದೆ. ಡಿ.ಡಿ.ಟಿ.ಯಂತೆ ಇದು ಕೊಬ್ಬಿನಲ್ಲಿ ಶೇಖರವಾಗದು. ಪ್ರಾಣಿಯ ರಕ್ತ ಮಾಂಸಗಳನ್ನು ಪರೀಕ್ಷಿಸಿದಾಗ ಏನೂ ಸಿಗಲಿಲ್ಲವೆಂದ ಮಾತ್ರಕ್ಕೆ ಏನೂ ಆಗಲಿಲ್ಲವೆಂದು ಅರ್ಥವಲ್ಲ. ಕಳ್ಳ ಹೊರಟುಹೋಗಿರುತ್ತಾನೆ, ಒಡೆದ ಬೀಗ ಮಾತ್ರ ಉಳಿದಿರುತ್ತದೆ.

ದೇಹದೊಳಗೇ ಹುಟ್ಟುವ ನೈಟ್ರೋಸಮೀನ್

ನೈಟ್ರೋಸಮೀನ್ ಹೊರಗಿನಿಂದಲೇ ಬರಬೇಕೆಂದಿಲ್ಲ. ನೀರು ಮತ್ತು ಸೊಪ್ಪು ತರಕಾರಿಗಳ ಮೂಲಕ ಬಂದ ನೈಟ್ರೇಟಿನಲ್ಲಿ ಸುಮಾರು ಕಾಲು ಭಾಗ ರಕ್ತದಿಂದ ಮತ್ತೆ ಜೊಲ್ಲಿಗೆ ಬರುತ್ತದೆ. ಬಾಯಿಯಲ್ಲಿರುವ ಸೂಕ್ಷ್ಮಾಣುಗಳು ಅದರಲ್ಲಿ ಸ್ವಲ್ಪವನ್ನು ನೈಟ್ರೈಟಾಗಿ ಬದಲಿಸುತ್ತವೆ. ಆ ನೈಟ್ರೈಟು ಜಠರದ ಆಮ್ಲದಲ್ಲಿ ಆಹಾರದ ಅಮೀನುಗಳೊಡನೆ ಸೇರಿದರೆ ನೈಟ್ರೋಸಮೀನ್ ಉಂಟಾಗಬಹುದು.

ಇದನ್ನು ಓದಿ ಯಾರೂ ಸೊಪ್ಪು ತಿನ್ನುವುದನ್ನು ಬಿಡಬಾರದು. ಸಿ ಜೀವಸತ್ವವು ನೈಟ್ರೈಟನ್ನು ತಾನೇ ಮೊದಲು ಹಿಡಿದು, ಅದು ಅಮೀನಿನೊಡನೆ ಸೇರದಂತೆ ತಡೆಯುತ್ತದೆಂದು 1972ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಸೊಪ್ಪು ತರಕಾರಿ, ನೆಲ್ಲಿಕಾಯಿ, ಸೀಬೆ, ನಿಂಬೆಗಳಲ್ಲಿ ಈ ಜೀವಸತ್ವವಿದೆ. ಆದರೆ ಒಂದು ಮಾತು. ನೈಟ್ರೋಸಮೀನ್ ಒಮ್ಮೆ ತಯಾರಾದ ಮೇಲೆ ಸಿ ಜೀವಸತ್ವ ಅದನ್ನು ಒಡೆಯಲಾರದು. ಇಲ್ಲಿಯೂ ತಡೆ ಇರುವುದು ಹುಟ್ಟಿಗೆ ಮೊದಲು.

ಬಾವಿಯ ನೀರಿನ ವಿಷಯ ಬೇರೆ. ನೀರಿನಲ್ಲಿ ನೈಟ್ರೇಟ್ ಇದ್ದರೂ ಅದರೊಡನೆ ಸಿ ಜೀವಸತ್ವ ಬರುವುದಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಕೂಡದು. ಈ ಮಿತಿಯ ಮುಖ್ಯ ಉದ್ದೇಶ ಹಸುಗೂಸುಗಳನ್ನು ಕಾಪಾಡುವುದು. ನೈಟ್ರೇಟ್ ಹೆಚ್ಚಾದರೆ ಕೂಸಿನ ರಕ್ತ ಆಮ್ಲಜನಕವನ್ನು ಹೊರಲಾರದೆ ಮೈ ನೀಲಿಗಟ್ಟುತ್ತದೆ. ತಿಪ್ಪೆಗುಂಡಿ, ಕೊಟ್ಟಿಗೆಯ ಗಂಜಲ, ಅಗತ್ಯಕ್ಕಿಂತ ಹೆಚ್ಚು ಹಾಕಿದ ಯೂರಿಯಾ ಇವೆಲ್ಲ ಬಾವಿಗೆ ನೈಟ್ರೇಟನ್ನು ಇಳಿಸುತ್ತವೆ. ತಿಪ್ಪೆ ಬಾವಿಯಿಂದ ದೂರ ಇರಬೇಕು.

ದನಗಳಿಗೆ ಹಸಿ ಮೇವಿನಿಂದ ತಟ್ಟುವ ನೈಟ್ರೇಟ್ ವಿಷವನ್ನು ನೈಟ್ರೋಸಮೀನಿನೊಡನೆ ಬೆರೆಸಿ ತಿಳಿಯಬಾರದು. ಮಳೆಯಿಲ್ಲದೆ ಬಾಡಿದ, ಹೆಚ್ಚು ಗೊಬ್ಬರ ಉಂಡ ಜೋಳದ ಮೇವನ್ನು ತಿಂದ ದನ ಕೆಲವೇ ಗಂಟೆಗಳಲ್ಲಿ ಏದುಸಿರು ಬಿಡುವುದು, ರಕ್ತ ಕಂದುಬಣ್ಣಕ್ಕೆ ತಿರುಗುವುದು ನೈಟ್ರೈಟಿನ ನೇರ ಪರಿಣಾಮ. ಅದಕ್ಕೆ ಕೂಡಲೇ ಪಶುವೈದ್ಯರ ಚಿಕಿತ್ಸೆ ಬೇಕು. ನೈಟ್ರೋಸಮೀನಿನ ಕೇಡು ಇದಕ್ಕಿಂತ ನಿಧಾನವಾದುದು, ಯಕೃತ್ತಿನ ಮೂಲಕ ಬರುವಂತಹುದು.

ತಂಬಾಕಿನ ಬ್ಯಾರನ್ನಿನಲ್ಲಿ

ಕರ್ನಾಟಕದ ರೈತರಿಗೆ ಈ ವಿಷಯ ಅತಿ ಹತ್ತಿರ ಬರುವುದು ತಂಬಾಕಿನ ಮೂಲಕ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆ ಬೆಳೆಯುವ ವರ್ಜೀನಿಯಾ ತಂಬಾಕನ್ನು ಬ್ಯಾರನ್ನಿನಲ್ಲಿ ಬಿಸಿ ಕೊಟ್ಟು ಹದಗೊಳಿಸುತ್ತಾರೆ. ನಿಪ್ಪಾಣಿ ಸುತ್ತಿನ ಬೀಡಿ ತಂಬಾಕನ್ನು ಬಿಸಿಲಿನಲ್ಲಿ ಒಣಗಿಸುತ್ತಾರೆ. ಗಿಡದಲ್ಲಿರುವ ಹಸಿ ಎಲೆಯಲ್ಲಿ ನೈಟ್ರೋಸಮೀನ್ ಅತ್ಯಲ್ಪ. ಅದು ಹುಟ್ಟುವುದು ಹೆಚ್ಚಾಗಿ ಎಲೆ ಒಣಗುವಾಗ ಮತ್ತು ದಾಸ್ತಾನಿನಲ್ಲಿ.

ತಂಬಾಕಿನಲ್ಲಿ ನೈಟ್ರೋಸಮೀನ್ ಇರುವುದು 1974ರಲ್ಲಿ ಖಚಿತವಾಯಿತು. ಇವುಗಳಲ್ಲಿ ಮುಖ್ಯವಾದವು ಎರಡು. ಅವನ್ನು ಚಿಕ್ಕದಾಗಿ ಎನ್.ಎನ್.ಎನ್. ಮತ್ತು ಎನ್.ಎನ್.ಕೆ. ಎಂದು ಕರೆಯುತ್ತಾರೆ. ನಿಕೋಟಿನ್ ಮತ್ತು ಅದರ ಬಂಧುಗಳಾದ ಪದಾರ್ಥಗಳಿಂದಲೇ ಇವು ಹುಟ್ಟುತ್ತವೆ. ಈ ಎರಡೂ ಮನುಷ್ಯರಿಗೆ ಕ್ಯಾನ್ಸರ್ ತರುವಂತಹವು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2007ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವರ್ಗೀಕರಿಸಿದೆ.

ದೇಹದಲ್ಲಿ ಇವು ಹಿಡಿಯುವ ದಾರಿಯೂ ಮೇಲೆ ಹೇಳಿದಂತೆಯೇ. ಶ್ವಾಸಕೋಶದ ಕಿಣ್ವಗಳು ಎನ್.ಎನ್.ಕೆ.ಗೆ ಆಮ್ಲಜನಕವನ್ನು ಕೂಡಿಸುತ್ತವೆ. ಅದು ಒಡೆದು ಡಿ.ಎನ್.ಎ.ಗೆ ಅಂಟುತ್ತದೆ. ಪ್ರಾಣಿಗಳಲ್ಲಿ ಎನ್.ಎನ್.ಕೆ. ಶ್ವಾಸಕೋಶದಲ್ಲಿಯೂ, ಎನ್.ಎನ್.ಎನ್. ಅನ್ನನಾಳ ಮತ್ತು ಮೂಗಿನಲ್ಲಿಯೂ ಗೆಡ್ಡೆಗಳನ್ನು ತರುತ್ತವೆ. ಎನ್.ಎನ್.ಕೆ.ಯ ಒಂದು ಪಾಲು ಬೇರೆ ರೂಪ ತಳೆದು, ಸಕ್ಕರೆಯಿಂದ ಬಂದ ಆಮ್ಲವೊಂದರ ಜೊತೆಗೂಡಿ ಮೂತ್ರದಲ್ಲಿ ಹೊರಹೋಗುತ್ತದೆ. ಇದು ದೇಹದ ಯಶಸ್ವೀ ಶುದ್ಧಿ. ಹೊಗೆಬತ್ತಿ ಸೇದದಿದ್ದರೂ ಸೇದುವವರ ಜೊತೆ ಒಂದೇ ಮನೆಯಲ್ಲಿರುವ ಹೆಂಗಸರು ಮಕ್ಕಳ ಮೂತ್ರದಲ್ಲಿ ಈ ಪದಾರ್ಥ ಪತ್ತೆಯಾಗಿದೆ. ತಂಬಾಕಿನ ಹೊರತು ಬೇರೆಲ್ಲಿಂದಲೂ ಇದು ಬರುವುದಿಲ್ಲವಾದ್ದರಿಂದ ಇದನ್ನು ಅಲ್ಲಗಳೆಯುವಂತಿಲ್ಲ.

ಎಲೆಯಲ್ಲಿ ನೈಟ್ರೋಸಮೀನ್ ಹೆಚ್ಚಲು ಎರಡು ದಾರಿಗಳಿವೆ. ನಿಧಾನವಾಗಿ ಒಣಗುವ ಎಲೆಯಲ್ಲಿ ಸೂಕ್ಷ್ಮಾಣುಗಳು ನೈಟ್ರೇಟನ್ನು ನೈಟ್ರೈಟಾಗಿ ಮಾಡುವುದು ಒಂದು. ಉರಿಯ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳು ನೇರವಾಗಿ ಎಲೆಗೆ ತಗಲುವುದು ಇನ್ನೊಂದು. ಎರಡನೆಯದಕ್ಕೆ ಅಮೆರಿಕದ ಅನುಭವವೇ ಸಾಕ್ಷಿ. ಅಲ್ಲಿ ಅನಿಲವನ್ನು ಬ್ಯಾರನ್ನಿನೊಳಗೇ ಉರಿಸಿ ಆ ಬಿಸಿಗಾಳಿಯನ್ನು ಎಲೆಗೆ ಹಾಯಿಸುವ ಪದ್ಧತಿ ಬಂದ ಮೇಲೆ ಎಲೆಯಲ್ಲಿ ನೈಟ್ರೋಸಮೀನ್ ಹೆಚ್ಚಿತು. 2000ದ ಸುಮಾರಿಗೆ ಉರಿಯ ಹೊಗೆ ಎಲೆಗೆ ತಾಗದಂತೆ ಬ್ಯಾರನ್ನುಗಳನ್ನು ಬದಲಿಸಿದಾಗ ಅದು ಇಳಿಯಿತು. ಬಿಯರ್ ತಯಾರಿಸುವ ಬಾರ್ಲಿ ಮೊಳಕೆಯನ್ನು ಉರಿಯ ಮೇಲೆ ನೇರವಾಗಿ ಒಣಗಿಸುತ್ತಿದ್ದ ಯುರೋಪಿನ ಕಾರ್ಖಾನೆಗಳಲ್ಲಿಯೂ 1970ರ ದಶಕದ ಕೊನೆಗೆ ಇದೇ ತೊಂದರೆ ಕಂಡುಬಂದು, ಇದೇ ರೀತಿ ಪರಿಹಾರವಾಯಿತು.

ನಮ್ಮ ಬ್ಯಾರನ್ನುಗಳಲ್ಲಿ ಬೆಂಕಿ ಒಲೆಯಲ್ಲಿದ್ದು, ಹೊಗೆ ತಗಡಿನ ಕೊಳವೆಗಳ ಮೂಲಕ ಹಾದು ಹೊರಗೆ ಹೋಗುತ್ತದೆ. ಎಲೆಗೆ ತಗಲುವುದು ಕೊಳವೆಯ ಬಿಸಿ ಮಾತ್ರ. ಇದು ಒಳ್ಳೆಯ ವ್ಯವಸ್ಥೆ, ಆದರೆ ಕೊಳವೆ ಗಟ್ಟಿಯಾಗಿರುವವರೆಗೆ ಮಾತ್ರ. ತುಕ್ಕು ಹಿಡಿದು ತೂತಾದ ಕೊಳವೆ, ಬಿರುಕುಬಿಟ್ಟ ಕೀಲು ಇವುಗಳಿಂದ ಹೊಗೆ ಒಳಗೆ ತುಂಬಿದರೆ ಎಲೆಯ ಬಣ್ಣ ಕೆಡುವುದಷ್ಟೇ ಅಲ್ಲದೆ ನೈಟ್ರೋಸಮೀನಿಗೂ ದಾರಿಯಾಗುತ್ತದೆ.

ತಂಬಾಕು ಬೆಳೆಗಾರರು ಗಮನಿಸಬೇಕಾದ ಅಂಶಗಳು

1. ಮಣ್ಣು ಪರೀಕ್ಷೆ ಮಾಡಿಸಿ ಶಿಫಾರಸಾದಷ್ಟೇ ಸಾರಜನಕ ಗೊಬ್ಬರ ಕೊಡಬೇಕು. ತಡವಾಗಿ ಮೇಲುಗೊಬ್ಬರ ಹಾಕಬಾರದು. ಎಲೆಯಲ್ಲಿ ನೈಟ್ರೇಟ್ ಹೆಚ್ಚಿದಷ್ಟೂ ನೈಟ್ರೋಸಮೀನಿಗೆ ಕಚ್ಚಾವಸ್ತು ಹೆಚ್ಚು.

2. ಚೆನ್ನಾಗಿ ಬಲಿತ ಎಲೆಯನ್ನೇ ಕೀಳಬೇಕು.

3. ಪ್ರತಿ ವರ್ಷ ಹದಗೊಳಿಸುವ ಮೊದಲು ಕೊಳವೆಗಳನ್ನು ಪರೀಕ್ಷಿಸಿ, ತೂತಾದವನ್ನು ಬದಲಿಸಬೇಕು. ಒಲೆ ಹಚ್ಚಿ ಬ್ಯಾರನ್ನಿನೊಳಗೆ ಹೊಗೆ ಬರುವುದೇ ಎಂದು ನೋಡಬೇಕು.

4. ಒಣಗಿದ ಎಲೆಯನ್ನು ಅಗತ್ಯಕ್ಕಿಂತ ಹೆಚ್ಚು ತೇವಕ್ಕೆ ತಂದು ಕಟ್ಟಬಾರದು. ಬಿಸಿ ಮತ್ತು ತೇವ ಸೇರಿದ ದಾಸ್ತಾನಿನಲ್ಲಿ ನೈಟ್ರೋಸಮೀನ್ ಏರುತ್ತದೆ.

ಇಷ್ಟೆಲ್ಲ ಮಾಡಿದರೂ ತಂಬಾಕು ನಿರಪಾಯಕಾರಿಯಾಗುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಅದರ ಹೊಗೆಯಲ್ಲಿ ಬೇರೆ ಕ್ಯಾನ್ಸರ್ ಕಾರಕಗಳೂ ಇವೆ. ಮೇಲಿನ ಕ್ರಮಗಳು ಕೇಡನ್ನು ಕಡಿಮೆ ಮಾಡುತ್ತವೆಯೇ ಹೊರತು ಇಲ್ಲವಾಗಿಸುವುದಿಲ್ಲ. ಹೊಗೆಸೊಪ್ಪು, ಕಡ್ಡಿಪುಡಿ, ಜರ್ದಾಗಳನ್ನು ಬಾಯಲ್ಲಿಟ್ಟುಕೊಂಡವರಿಗೆ ನೈಟ್ರೋಸಮೀನ್ ನೇರವಾಗಿ ಜೊಲ್ಲಿನಲ್ಲಿ ಕರಗಿ ಒಳಸೇರುತ್ತದೆ. ತಂಬಾಕಿಲ್ಲದ ಎಲೆ ಅಡಿಕೆಯೂ ನಿರ್ದೋಷಿಯಲ್ಲ. ಅಡಿಕೆಯ ಅರಿಕೋಲಿನ್‌ನಿಂದಲೂ ನೈಟ್ರೋಸಮೀನುಗಳು ಹುಟ್ಟಬಲ್ಲವು. ತಂಬಾಕು ಬೆಳೆಯುವವನು ಅದನ್ನು ತಿನ್ನಲೇಬೇಕೆಂಬ ನಿಯಮವಿಲ್ಲ. ಮನೆಯಲ್ಲಿ ಬಸುರಿಯರು, ಮಕ್ಕಳು ಇರುವಾಗ ಹೊಗೆಯನ್ನು ಒಳಗೆ ತರಕೂಡದು.

ಪಶು ಮತ್ತು ಕೋಳಿ ಸಾಕುವವರಿಗೆ

ಕರಾವಳಿಯ ಮೀನು ಪುಡಿ ನಮ್ಮಲ್ಲಿಯೂ ಕೋಳಿ ಆಹಾರಕ್ಕೆ ಬಳಕೆಯಾಗುತ್ತದೆ. ನಾರ್ವೆಯ ಸಂಗತಿಯನ್ನು ಓದಿ ಮೀನು ಪುಡಿಯೇ ಕೆಟ್ಟದ್ದೆಂದು ತಿಳಿಯಬೇಕಾಗಿಲ್ಲ. ಅಲ್ಲಿ ಕೆಡುಕಾದದ್ದು ಮೀನನ್ನು ನೈಟ್ರೈಟಿನಲ್ಲಿ ಇಟ್ಟದ್ದರಿಂದ. ಮೀನನ್ನು ಮಂಜುಗಡ್ಡೆಯಲ್ಲಿಟ್ಟು ಬೇಗ ಸಂಸ್ಕರಿಸುವುದೇ ಸರಿಯಾದ ಮಾರ್ಗ. ಪುಡಿಯನ್ನು ಕೊಳ್ಳುವಾಗ ತಾಜಾತನವನ್ನು ನೋಡಿ, ನಂಬಿಕೆಯುಳ್ಳ ತಯಾರಕರಿಂದ ಕೊಳ್ಳಬೇಕು. ಒಂದೇ ಆಹಾರ ತಿಂದ ಹಲವು ಪ್ರಾಣಿಗಳು ಒಟ್ಟಿಗೆ ಮೇವು ಬಿಟ್ಟು ಸೊರಗಿದರೆ, ಆ ಆಹಾರವನ್ನು ಕೂಡಲೇ ನಿಲ್ಲಿಸಿ, ಒಂದಿಷ್ಟು ಮಾದರ ತೆಗೆದಿಟ್ಟು ಪಶುವೈದ್ಯರಿಗೆ ತೋರಿಸಬೇಕು. ಪ್ರಾಣಿಯ ಮೈಯಲ್ಲಿ ವಿಷದ ಗುರುತು ಬೇಗ ಅಳಿಸಿಹೋಗುತ್ತದೆ. ಚೀಲದಲ್ಲಿ ಉಳಿದ ಆಹಾರವೇ ಸಾಕ್ಷಿ.

ಮೇವಿನ ಚೀಲ, ಬಾವಿಯ ಕಟ್ಟೆ, ಬ್ಯಾರನ್ನಿನ ಕೊಳವೆ, ಬಾಯಿಗೆ ಹಾಕುವ ಹೊಗೆಸೊಪ್ಪು ಇವು ನಾಲ್ಕೂ ರೈತನ ಕೈಯಳತೆಯಲ್ಲಿರುವ ಜಾಗಗಳು. ನೈಟ್ರೋಸಮೀನನ್ನು ತಡೆಯುವುದು ಸಾಧ್ಯವಿರುವುದು ಇಲ್ಲಿಯೇ. ಒಮ್ಮೆ ಅದು ಗಂಟಲಿಂದ ಇಳಿದರೆ ಅದನ್ನು ವಿಷವಾಗಿಸುವ ಕೆಲಸವನ್ನು ದೇಹ ಯಾರ ಅಪ್ಪಣೆಗೂ ಕಾಯದೆ ಮಾಡಿ ಮುಗಿಸುತ್ತದೆ. ಆದ ಗಾಯವನ್ನು ದುರಸ್ತಿ ಮಾಡುವ ಶಕ್ತಿ ದೇಹಕ್ಕಿದೆ, ಆದರೆ ಅದಕ್ಕೊಂದು ಮಿತಿಯಿದೆ. ಆದುದರಿಂದ ಆ ಮಿತಿಯನ್ನು ಪರೀಕ್ಷಿಸುವ ಸಂದರ್ಭ ಬಾರದಂತೆ, ತಮ್ಮ ಮನೆಯ ಜನರಿಗೂ ಹಟ್ಟಿಯ ದನಕರುಗಳಿಗೂ ಈ ಪದಾರ್ಥ ತಲುಪದ ಹಾಗೆ ರೈತ ಬಾಂಧವರು ಎಚ್ಚರ ವಹಿಸುವುದು ಒಳ್ಳೆಯದು.